ಮುಟ್ಟುವ ಮುಂಚಿನ ಸೀಟಿ

ನಮ್ಮ ಪಿ.ಟಿ. ಸರ್ ನಿವೃತ್ತರಾದರು. ಹೋದ ತಿಂಗಳು ಸನ್ಮಾನವೂ ಆಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ, ಹಳೆಯ ವಿದ್ಯಾರ್ಥಿಗಳ ಕಡೆಯಿಂದ ಒಂದು ಗೋಡೆ ಗಡಿಯಾರ, ಎಲ್ಲ ಆಯಿತು. ಆಗದೆ ಉಳಿದದ್ದು ಸಂಚಿಕೆಯೊಂದೇ. ಕಾರ್ಯಕ್ರಮ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಅಭಿನಂದನಾ ಸಂಚಿಕೆಗೆ ಲೇಖನ ಕೇಳುವುದು ನಮ್ಮ ಕಡೆಯ ರೂಢಿ. ಅದರ ಜವಾಬ್ದಾರಿ ಹೊತ್ತ ಶಕೀಲಾ ನನಗೆ ಫೋನ್ ಮಾಡಿದಳು. ಹೈಸ್ಕೂಲಿನಲ್ಲಿ ನಮ್ಮ ಸಾಫ್ಟ್‌ಬಾಲ್ ಟೀಮಿನ ಕ್ಯಾಚರ್ ಅವಳು. ಈಗ ಆಳಂದದಲ್ಲಿ ಅಂಗನವಾಡಿ ಮೇಲ್ವಿಚಾರಕಿ.

"ಎರಡ ಪೇಜ್ ಬರದ ಕೊಡಬೇ ಸುಜಾತಾ. ನೀನೂ ಪಿ.ಟಿ. ಟೀಚರ್ ಆಗೀದಿ, ನೀ ಬರದ್ರ ತೂಕ ಬರ್ತದ. ಚಲೋದ ಬರಿ ಮತ್ತ. ನಿನ್ನ ಬಾಯಿ ನನಗ ಗೊತ್ತದ."

ಚಲೋದೇ ಬರೆಯುತ್ತೇನೆ ಎಂದೆ. ಮೂರು ಸಲ ಕೂತೆ. ಮೂರು ಸಲವೂ 'ಶಿಸ್ತಿನ ಸಿಪಾಯಿ' ಎಂಬ ಮಾತಿನ ಹತ್ತಿರ ಬರುತ್ತಲೇ ಮೈ ಉರಿಯಿತು. ಕೊನೆಗೆ ಇದನ್ನು ಬರೆದೆ. ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಸರ್ ಅಫಜಲಪುರ ಕಡೆಯವರು. ಕುಳ್ಳ ಆಳು, ಎದೆ ಮುಂದೆ ಮಾಡಿಕೊಂಡು ನಡೆಯುವರು. ಬಿಳಿ ಕ್ಯಾನ್ವಾಸ್ ಬೂಟು ಮಾಸಿದರೆ ತೊಳೆಯುತ್ತಿರಲಿಲ್ಲ. ಗಣಿತದ ಮೇಡಂ ಮೇಜಿನ ಮೇಲಿನ ಚಾಕ್‌ಪೀಸು ತಂದು ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. ಕೊರಳಲ್ಲಿ ಕೆಂಪು ಲಾಡಿಯ ಸೀಟಿ. ಎಡ ಅಂಗೈಯಲ್ಲಿ ಸದಾ ತಂಬಾಕು. ಅದನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಮಾತಾಡುವರು. ತಿಕ್ಕುವುದು ನಿಂತಿತೆಂದರೆ ನಮ್ಮಲ್ಲಿ ಯಾರಿಗೋ ಬೈಗುಳ ಬರಲಿದೆ ಎಂದು ತಿಳಿದುಕೊಳ್ಳಬೇಕು.

ಬೈಗುಳದಲ್ಲಿ ಅವರಿಗೆ ಬಹಳ ಇಷ್ಟವಾದದ್ದೊಂದಿತ್ತು. "ನಾ ಇಲ್ಲಾಂದ್ರ ನೀವೆಲ್ಲ ಏನ್ ಮಾಡ್ತಿದ್ರಿ? ತೊಗರಿ ಕೊಯ್ತಿದ್ರಿ." ಈ ಮಾತು ವಾರಕ್ಕೆ ನಾಲ್ಕು ಸಲ ಬರುತ್ತಿತ್ತು. ಗ್ರೌಂಡಿನ ಬೇಲಿಯ ಆಚೆಗೇ ತೊಗರಿ ಹೊಲ. ಸುಗ್ಗಿಯಲ್ಲಿ ನನ್ನ ಅವ್ವ ಅದೇ ಹೊಲದಲ್ಲಿ ಕೂಲಿಗೆ ಬಂದಿರುತ್ತಿದ್ದಳು. ಸರ್ ದನಿ ದೊಡ್ಡದು, ಬೇಲಿ ದಾಟಿ ಹೋಗುತ್ತಿತ್ತು. ಅವ್ವ ತಲೆ ಎತ್ತಿ ನೋಡಿ ಮತ್ತೆ ಬಗ್ಗುತ್ತಿದ್ದಳು.

ಇನ್ನೊಂದು ಅಭ್ಯಾಸ. ಮಧ್ಯಾಹ್ನ ಟೀಮಿನ ಹುಡುಗಿಯರೆಲ್ಲ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿದಾಗ ಸರ್ ಬಂದು ಒಬ್ಬೊಬ್ಬರ ಡಬ್ಬಿಯಿಂದ ಒಂದು ತುಂಡು ರೊಟ್ಟಿ, ಒಂದು ಚೂರು ಶೇಂಗಾ ಹಿಂಡಿ ತೆಗೆದುಕೊಳ್ಳುವರು. ತಿನ್ನುತ್ತ ಯಾರ ಅವ್ವನ ಕೈರುಚಿ ಚೆನ್ನಾಗಿದೆ ಎಂದು ಹೇಳುವರು. ಶಕೀಲಾಳ ಡಬ್ಬಿಯಿಂದಲೂ ತೆಗೆದುಕೊಳ್ಳುತ್ತಿದ್ದರು. ನಾನು ಯಾವಾಗಲೂ ಸಾಲಿನ ಕೊನೆಗೆ ಕೂರುತ್ತಿದ್ದೆ, ನನ್ನ ಡಬ್ಬಿ ಬರುವಷ್ಟರಲ್ಲಿ ಸರ್ ಹೊಟ್ಟೆ ತುಂಬಿರುತ್ತಿತ್ತು. ಒಂದು ದಿನ ಬೇಕೆಂದೇ ಸಾಲಿನ ಮೊದಲಿಗೆ ಕೂತೆ. ಅವತ್ತು ಸರ್ ಆ ತುದಿಯಿಂದ ಶುರು ಮಾಡಿದರು. ನಾವು ಬೌದ್ಧರ ಓಣಿಯವರು ಎಂದು ಇಲ್ಲಿ ಬಿಡಿಸಿ ಹೇಳಬೇಕೇನೋ. ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಸಾಫ್ಟ್‌ಬಾಲ್ ಅವರು ತಂದ ಆಟ. ಆಟದ ಮೇಲಿನ ಪ್ರೀತಿಯಿಂದ ತಂದರು ಎಂದು ಸನ್ಮಾನದ ದಿನ ನಾಲ್ಕು ಜನ ಭಾಷಣ ಮಾಡಿದರು. ಸುಳ್ಳು. ಯಾಕೆ ತಂದರೆಂದು ನಮಗೇ ಬಾಯಿ ಬಿಟ್ಟು ಹೇಳಿದ್ದರು. "ಕಬಡ್ಡಿ ಆಡಿಸಿದ್ರ ಎದುರಿಗೆ ಐವತ್ತ ಟೀಮು. ಖೊಖೊ ಆಡಿಸಿದ್ರ ಅದಕ್ಕೂ ಹೆಚ್ಚು. ಇದರಾಗ ಯಾರೂ ಇಲ್ಲ. ಗ್ರೌಂಡಿನಾಗ ಹೋಗಿ ನಿಂತ್ರ ಸಾಕು, ಜಿಲ್ಲಾ ಮಟ್ಟ." ಹೌದು, ಹಾಗೇ ಆಯಿತು. ಆಳಂದ ತಾಲ್ಲೂಕಿನಲ್ಲಿ ನಮ್ಮದೊಂದೇ ಟೀಮು. ಒಂದು ಬಾಲೂ ಎಸೆಯದೆ ತಾಲ್ಲೂಕು ಗೆದ್ದೆವು. ಅದಕ್ಕೂ ಪ್ರಾರ್ಥನೆಯಲ್ಲಿ ಚಪ್ಪಾಳೆ ಹೊಡೆಸಿದರು.

ಗೋಣಿಚೀಲಕ್ಕೆ ತೊಗರಿ ಹೊಟ್ಟು ತುಂಬಿ ಬೇಸು ಮಾಡಿದ್ದರು. ಒಂಬತ್ತು ಜನರಿಗೆ ನಾಲ್ಕು ಗ್ಲೌಸು. ಅದರಲ್ಲಿ ಒಂದು ನನ್ನ ಕೈಗೆ ಬಂತು. ಹೇಗೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೇ ಸುಳ್ಳುಬುರುಕಿ ಆಗುತ್ತೇನೆ. ನಾನು ಶಾಲೆಯ ಹಿಂದೆ ಹುಣಸೆಕಾಯಿಗೆ ಕಲ್ಲು ಹೊಡೆಯುತ್ತಿದ್ದೆ. ಸರ್ ನೋಡುತ್ತ ನಿಂತಿದ್ದರು. ಐದು ಕಲ್ಲಿಗೆ ಐದು ಕಾಯಿ ಬಿದ್ದವು. "ಯಾರ ಮಗಳಬೇ ನೀ?" ಎಂದರು. ಹೇಳಿದೆ. ತಂಬಾಕು ತಿಕ್ಕುವುದು ನಿಂತಿತು. ಬೈಗುಳ ಬರುತ್ತದೆಂದು ಚೀಲ ಎತ್ತಿಕೊಂಡೆ. "ನಾಳಿಗೆ ಗ್ರೌಂಡಿಗೆ ಬಾ" ಎಂದು ಹೋದರು. ಮರುದಿನ ನನ್ನನ್ನು ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲಿಸಿ, ನೀನು ಶಾರ್ಟ್‌ಸ್ಟಾಪ್ ಎಂದರು. ಟೀಮಿನಲ್ಲಿ ಕ್ಯಾಚರ್ ಬಿಟ್ಟರೆ ಬಹಳ ಕೆಲಸವಿರುವ ಜಾಗ ಅದು.

ಈ ಆಟದಲ್ಲಿ ಕಳವು ಎಂಬುದೊಂದಿದೆ. ನಾಲ್ಕು ಮೂಲೆಗೆ ನಾಲ್ಕು ಬೇಸು. ಒಂದನೆಯ ಬೇಸಿನಲ್ಲಿ ನಿಂತ ಎದುರಾಳಿ ಹುಡುಗಿ, ಎಸೆಯುವವಳ ಕೈಯಿಂದ ಬಾಲ್ ಬಿಟ್ಟ ಕ್ಷಣವೇ, ಅದನ್ನು ಯಾರೂ ಹೊಡೆಯದಿದ್ದರೂ, ಎರಡನೆಯ ಬೇಸಿಗೆ ಓಡಿಬಿಡಬಹುದು. ಅದೇ ಬೇಸು ಕದಿಯುವುದು. ಅವಳನ್ನು ಹಿಡಿಯಬೇಕಾದರೆ ಬ್ಯಾಟು ಹಿಡಿದವಳ ಹಿಂದೆ ಕೂತ ಕ್ಯಾಚರ್ ಬಾಲ್ ಹಿಡಿದು ಎರಡನೆಯ ಬೇಸಿಗೆ ಎಸೆಯಬೇಕು; ಶಾರ್ಟ್‌ಸ್ಟಾಪ್ ಓಡಿಬಂದು ಗ್ಲೌಸಿನಲ್ಲಿ ಹಿಡಿದು, ಬರುವ ಹುಡುಗಿಯ ಮೈಗೆ ಹಚ್ಚಬೇಕು. ಬೇಸಿಗೆ ಹಚ್ಚಿದರೆ ನಡೆಯುವುದಿಲ್ಲ. ಮೈಗೇ ಹಚ್ಚಬೇಕು, ಅದೂ ಅವಳ ಕಾಲು ಬೇಸು ಸೇರುವುದರೊಳಗೆ.

ಸರ್ ನಮಗೆ ಬೇರೆ ಏನನ್ನೂ ಇಷ್ಟು ಕಲಿಸಲಿಲ್ಲ. "ಬ್ಯಾಟಿಂಗ್ ದೇವರು ಕೊಡ್ತಾನ. ಕಳವು ಹಿಡಿಯೋದು ನಾ ಕಲಸ್ತೇನಿ" ಎನ್ನುವರು. ಪಕ್ಕದ ಹಳ್ಳಿ ಕಿಣ್ಣಿ ಸುಲ್ತಾನದಿಂದ ಬರುತ್ತಿದ್ದ ಒಬ್ಬ ಹುಡುಗಿಯ ಅಪ್ಪ ಇದನ್ನು ಅರ್ಧ ಕೇಳಿಸಿಕೊಂಡು ಜಗಳಕ್ಕೇ ಬಂದರು.

"ಸಾಲಿ ಕಲೀಲಿ ಅಂತ ಕಳಸೀವ್ರಿ ಸರ್. ಕಳವು ಕಲಸಾಕತ್ತೀರಂತಲ್ಲ?"

"ಹಿಡಿಯೋದು ಕಲಸಾಕತ್ತೇನಿರಿ ಯಜಮಾನ್ರ. ಪೊಲೀಸರ ಕೆಲಸ. ಚಹಾ ಕುಡೀರಿ ಬರ್ರಿ."

ಆ ಮನುಷ್ಯ ಚಹಾ ಕುಡಿದು ಸಮಾಧಾನವಾಗಿ ಹೋದರು. ಹೀಗೆ ಯಾರು ಬಂದರೂ ಅವರಿಗೆ ಬೇಕಾದಂತೆ ಮಾತಾಡಿ ಕಳಿಸುವ ವಿದ್ಯೆ ಸರ್‌ಗೆ ಸಿದ್ಧಿಸಿತ್ತು. ಅವತ್ತು ನಾವೆಲ್ಲ ನಕ್ಕಿದ್ದೆವು. ಆ ವಿದ್ಯೆ ನನ್ನ ಮೇಲೂ ನಡೆದಿದೆ ಎಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ಕಲಿಸುವುದನ್ನು ಮಾತ್ರ ಚೆನ್ನಾಗಿ ಕಲಿಸಿದರು. ಹಾಳಾಗಿ ಹೋಗಲಿ, ಅದನ್ನು ಇಲ್ಲ ಎನ್ನಲಾರೆ. ಮೊದಲ ತಿಂಗಳು ಬಾಲೇ ಇಲ್ಲ. ನಾನು ನನ್ನ ಜಾಗದಿಂದ ಓಡಿ ಬೇಸಿಗೆ ಬರಬೇಕು, ಚೀಲದ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಲ್ಲಬೇಕು, ಗ್ಲೌಸನ್ನು ಚೀಲದ ಮುಂದೆ ನೆಲಕ್ಕೆ ಇಳಿಸಬೇಕು. ಮತ್ತೆ ವಾಪಸು. ಅತ್ತ ಶಕೀಲಾ ಕೂತಲ್ಲಿಂದ ಏಳುತ್ತಲೇ ಎಸೆಯಬೇಕು. ಎದ್ದು ನಿಂತು, ನೋಡಿ, ಆಮೇಲೆ ಎಸೆಯುವುದಲ್ಲ. ಸರ್ ಬೇಸಿನ ಮುಂದೆ ಮೊಣಕಾಲೆತ್ತರಕ್ಕೆ ಜೋಳದ ದಂಟು ಹಿಡಿದು ನಿಲ್ಲುವರು. ಬಾಲ್ ಅದರ ಕೆಳಗೆ ಬರಬೇಕು. ದಂಟು ಮುರಿದರೆ ಶಕೀಲಾ ಗ್ರೌಂಡು ಸುತ್ತಬೇಕು.

ನನಗೆ ಹೇಳುತ್ತಿದ್ದದ್ದು ಒಂದೇ ಮಾತು. "ಕಾಯ್ಬೇಕು. ಆಕಿ ಬೆನ್ನ ಹತ್ತಬ್ಯಾಡ. ಗ್ಲೌಸ್ ಕೆಳಗಿಟ್ಟು ಕಾಯಿ. ಆಕೀನ ಬರ್ತಾಳ." ನಾನು ಕಾಯಲು ಕಲಿತೆ. ಧೂಳೆಬ್ಬಿಸಿಕೊಂಡು ಹುಡುಗಿ ಮೈಮೇಲೇ ಬಂದರೂ ಕಣ್ಣು ಮುಚ್ಚದೆ ಕೂರುವುದನ್ನು ಕಲಿತೆ. ಗ್ಲೌಸು ನೆಲಕ್ಕಿರುತ್ತಿತ್ತು, ಬಾಲ್ ಅದರೊಳಗಿರುತ್ತಿತ್ತು, ಹುಡುಗಿಯ ಕಾಲು ಇನ್ನೊಂದು ಗೇಣು ದೂರವಿರುತ್ತಿತ್ತು. ಅಷ್ಟರಲ್ಲಿ ಸೀಟಿ. "ಔಟ್. ಸಾಕು. ಮುಂದಿನಾಕಿ ಬಾ."

ಓಡುವವಳು ಹೆಚ್ಚಾಗಿ ಜಗದೇವಿ. ಊರ ಗೌಡರ ಮನೆಯ ಹುಡುಗಿ, ಟೀಮಿನಲ್ಲಿ ಅವಳಷ್ಟು ಜೋರಾಗಿ ಓಡುವವರು ಇರಲಿಲ್ಲ. ಒಳ್ಳೆಯ ಹುಡುಗಿ, ನಗುವುದು ಜಾಸ್ತಿ. ಸೀಟಿ ಕೇಳುತ್ತಲೇ ಅವಳು ಜಾರುವುದನ್ನು ಬಿಟ್ಟು ಪಕ್ಕಕ್ಕೆ ಹೊರಳಿಬಿಡುತ್ತಿದ್ದಳು. ನಾನು ಎದ್ದು ಬಾಲ್ ವಾಪಸು ಎಸೆಯುತ್ತಿದ್ದೆ. ಒಮ್ಮೆ ಕೇಳಿದ್ದೆ: "ಸರ್, ಹಚ್ಚೂತನಕ ಬಿಡ್ರಿ, ನೋಡೋಣ."

"ಬ್ಯಾಡಬೇ. ಕಾಲಿಗೆ ಪೆಟ್ಟ ಆಗ್ತದ. ಹಚ್ಚೋದು ಮ್ಯಾಚಿಗೆ ಇಟ್ಕೋ."

ನಂಬಿದೆ. ಅತ್ತ ಕೊನೆಯ ಬೇಸಿನಲ್ಲಿ ಶಕೀಲಾ ಬಂದವರ ಮೇಲೆ ಬಿದ್ದೇ ಬಾಲ್ ಹಚ್ಚುತ್ತಿದ್ದಳು. ಜಗದೇವಿಗೂ ಹಚ್ಚುತ್ತಿದ್ದಳು. ಅಲ್ಲಿ ಸೀಟಿ ಬರುತ್ತಿರಲಿಲ್ಲ, ಯಾರ ಕಾಲಿಗೂ ಪೆಟ್ಟಾಗುತ್ತದೆಂದು ಸರ್ ಚಿಂತೆ ಮಾಡುತ್ತಿರಲಿಲ್ಲ. ದಿನಾ ಕಣ್ಣೆದುರು ನಡೆಯುತ್ತಿದ್ದರೂ ನನ್ನ ತಲೆಗೆ ಹೊಳೆಯಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಕೈಯಲ್ಲೊಂದು ಗ್ಲೌಸು ಬಂದರೆ ಬೇರೆ ಏನು ಕಾಣುತ್ತದೆ.

ಹೀಗೆ ಒಂಬತ್ತನೆಯ ತರಗತಿ ಪೂರ್ತಿ ತಾಲೀಮು. ಹತ್ತನೆಯ ತರಗತಿಯಲ್ಲಿ ಜಿಲ್ಲಾ ಮಟ್ಟ, ಅಫಜಲಪುರದಲ್ಲಿ. ಅದನ್ನು ಗೆದ್ದರೆ ವಿಭಾಗ ಮಟ್ಟ. ವಿಭಾಗ ಆಡಿದವರಿಗೆ ಕಲಬುರಗಿಯ ಕ್ರೀಡಾ ವಸತಿಯಲ್ಲಿ ಜಾಗ ಸಿಗುತ್ತದೆ, ಊಟ ವಸತಿ ಎಲ್ಲ ಅಲ್ಲೇ, ಪಿ.ಯು. ಓದಬಹುದು ಎಂದು ಸರ್ ಹೇಳಿದ್ದರು. ಜಗದೇವಿಗೆ ಅದು ಬೇಕಾಗಿರಲಿಲ್ಲ. ಶಕೀಲಾಳನ್ನು ಅವಳಪ್ಪ ಹೇಗಾದರೂ ಓದಿಸುತ್ತಿದ್ದರು. ನನಗೆ ಹತ್ತನೆಯ ತರಗತಿ ಆದಮೇಲೆ ಬೇಲಿಯ ಆಚೆಯ ಹೊಲ ಕಾಯುತ್ತಿತ್ತು. ಅವ್ವ ಆಗಲೇ ಓಣಿ ತುಂಬ ಹೇಳಿಕೊಂಡು ಬಂದಿದ್ದಳು, ನನ್ನ ಮಗಳು ಕಲಬುರಗಿಯಲ್ಲಿ ಓದುತ್ತಾಳೆಂದು. ಮ್ಯಾಚಿಗೆ ಹೋಗುವ ದಿನ ನನ್ನ ಡಬ್ಬಿಗೆ ಪುಂಡಿಪಲ್ಯ ಹಾಕಿ, ಸರ್‌ಗೂ ಕೊಡು ಎಂದು ಎರಡು ರೊಟ್ಟಿ ಹೆಚ್ಚಿಗೆ ಇಟ್ಟಿದ್ದಳು. ಪಾಪ.

ಎದುರಿಗೆ ಜೇವರ್ಗಿ ತಾಲ್ಲೂಕಿನ ಟೀಮು. ಬೇಸುಗಳು ನಾವೇ ಹೊತ್ತು ತಂದಿದ್ದ ಗೋಣಿಚೀಲ. ಕೊನೆಯ ಸರದಿ. ನಾವು ಒಂದು ರನ್ನಿನಿಂದ ಮುಂದೆ, ಅವರದು ಇಬ್ಬರು ಔಟ್. ಇನ್ನೊಬ್ಬಳನ್ನು ಔಟ್ ಮಾಡಿದರೆ ಆಟ ಮುಗಿಯಿತು. ಒಂದನೆಯ ಬೇಸಿನಲ್ಲಿ ಉದ್ದ ಜಡೆಯ ಹುಡುಗಿ ನಿಂತಿದ್ದಳು. ಬಾಲ್ ಎಸೆದ ಕ್ಷಣ ಅವಳು ಓಡಿದಳು.

ಅವತ್ತಿನದು ಸರ್ ಕಲಿಸಿದ ಹಾಗೇ ನಡೆಯಿತು. ಶಕೀಲಾ ಏಳುತ್ತಲೇ ಎಸೆದಳು. ಬಾಲ್ ಮೊಣಕಾಲೆತ್ತರದಲ್ಲಿ ನೆಟ್ಟಗೆ ಬಂತು. ನಾನು ಅಷ್ಟರಲ್ಲಿ ಬೇಸಿನಲ್ಲಿದ್ದೆ. ಹಿಡಿದೆ. ಗ್ಲೌಸು ಚೀಲದ ಮುಂದೆ ನೆಲಕ್ಕಿಟ್ಟೆ. ಹುಡುಗಿ ಇನ್ನೂ ಮೂರು ಹೆಜ್ಜೆ ದೂರವಿದ್ದಳು. ಕಾದೆ. ಅವಳು ಜಾರಿದಳು, ಕಾಲು ನನ್ನ ಗ್ಲೌಸಿನ ಪಕ್ಕಕ್ಕೆ ಬಂತು. ಒಂದು ಗೇಣು. ಕೈ ಒಂದಿಷ್ಟು ಸರಿಸಿದ್ದರೆ ಸಾಕಿತ್ತು. ನಾನು ಕಾಯುತ್ತಲೇ ಇದ್ದೆ. ಅವಳ ಕಾಲು ಚೀಲಕ್ಕೆ ಬಡಿದು ತೊಗರಿ ಹೊಟ್ಟು ಹಾರಿತು.

ಈ ಆಟದಲ್ಲಿ ಮ್ಯಾಚಿನ ನಡುವೆ ಔಟಿಗೆ ಸೀಟಿ ಊದುವುದಿಲ್ಲ. ಅಂಪೈರ್ ಕೈಯಲ್ಲಿ ತೋರಿಸುತ್ತಾರೆ. ಅವರು ಎರಡೂ ಕೈ ಅಗಲಿಸಿದರು: ಸೇಫ್.

ಬ್ಯಾಟು ಹಿಡಿದಿದ್ದ ಹುಡುಗಿ ಮುಂದಿನ ಬಾಲನ್ನು ದೂರ ಹೊಡೆದಳು. ಜಡೆಯವಳು ಕೊನೆಯ ಬೇಸು ಸೇರಿದಳು, ಅವಳ ಹಿಂದೆ ಹೊಡೆದವಳೂ ಸೇರಿದಳು; ಎರಡು ರನ್ನು. ಒಂದು ರನ್ನಿನಿಂದ ಸೋತೆವು.

ವಾಪಸು ಬರುವಾಗ ಕ್ರೂಸರ್ ಗಾಡಿಯಲ್ಲಿ ಸರ್ ಮುಂದಿನ ಸೀಟಿನಲ್ಲಿ ಕೂತಿದ್ದರು. ಗಾಡಿ ಆಳಂದ ರಸ್ತೆಗೆ ತಿರುಗಿತು. ಆಗ ಸರ್ ಹಿಂದಕ್ಕೆ ನೋಡದೆಯೇ ಹೇಳಿದರು: "ಎಂಟ ಮಂದಿ ಆಡಿದ್ರಿ. ಒಬ್ಬಾಕಿ ಕೈ ನಡುಗ್ತು. ಕೈಯಾಗ ಬಾಲ್ ಇಟ್ಕೊಂಡು ಗೊಂಬಿ ಹಂಗ ಕುಂತ್ಲು."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಮರುದಿನ ಪ್ರಾರ್ಥನೆಯಲ್ಲೂ ಇದನ್ನೇ ಹೇಳಿದರು. ಮುಂದಿನ ವರ್ಷದ ಟೀಮಿಗೂ ಹೇಳಿದರು. 'ಕೈ ನಡುಗಿದಾಕಿ' ಎಂಬುದು ಶಾಲೆಯಲ್ಲಿ ನನ್ನ ಹೆಸರಾಯಿತು. ಬೇಸಿಗೆಯಲ್ಲಿ ಪರೀಕ್ಷೆ ಮುಗಿಯಿತು, ನಾನು ಅವ್ವನ ಜೊತೆ ಕೂಲಿಗೆ ಹೋದೆ. ಒಂದು ವರ್ಷ. ಸುಗ್ಗಿಯಲ್ಲಿ ಬೇಲಿಯ ಆಚೆಯಿಂದ ಸರ್ ದನಿ ಕೇಳುತ್ತಿತ್ತು: "ತೊಗರಿ ಕೊಯ್ತಿದ್ರಿ." ಆ ವರ್ಷ ನಾನು ಅವರನ್ನು ದ್ವೇಷಿಸಲು ಕಲಿತೆ, ಅದರ ಜೊತೆಗೆ ನನ್ನ ಬಲಗೈಯನ್ನೂ.

ಆಮೇಲೆ ಅವ್ವ ಹಟ ಹಿಡಿದು ಆಳಂದದಲ್ಲಿ ಪಿ.ಯು.ಗೆ ಸೇರಿಸಿದಳು. ಅದೊಂದು ಬೇರೆ ಕತೆ. ಕಲಬುರಗಿಯಲ್ಲಿ ಬಿ.ಪಿ.ಎಡ್. ಮಾಡುವಾಗ ಮತ್ತೆ ಸಾಫ್ಟ್‌ಬಾಲ್ ಬಂತು. ಅಲ್ಲಿನ ಮೇಡಂ ಒಬ್ಬರು ನನ್ನನ್ನು ನೋಡಿ ಆಟ ನಿಲ್ಲಿಸಿದರು. "ಎಲ್ಲಾ ಛಂದ ಮಾಡ್ತಿ. ಕಡೀಕ ನಿನ್ನ ಕೈ ಯಾಕ ನಿಲ್ತದ?" ನಾನು ನಡುಗುತ್ತದೆ ಮೇಡಂ ಎಂದೆ. ಅವರು ನನ್ನ ಕೈ ಹಿಡಿದು ನೋಡಿದರು. "ನಡುಗೋದಿಲ್ಲ. ನಿಲ್ತದ. ಯಾರೋ ಬ್ರೇಕ್ ಹಾಕಿದಂಗ ನಿಲ್ತದ. ಹಿಂಗ ಯಾರು ಕಲಿಸ್ಯಾರ?"

ಆ ರಾತ್ರಿ ನಿದ್ದೆ ಬರಲಿಲ್ಲ. ಸೀಟಿ ನೆನಪಾಯಿತು. ವಾರದ ಮೇಲೆ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಶಕೀಲಾ ಸಿಕ್ಕಳು. ಚಹಾ ಕುಡಿಯುತ್ತ ಕೇಳಿದೆ: ನಾನು ಎರಡನೆಯ ಬೇಸಿಗೆ ಬಂದಾಗ ಮಾತ್ರ ಸರ್ ಯಾಕೆ ಸೀಟಿ ಊದುತ್ತಿದ್ದರು?

ಅವಳು ಕಪ್ಪು ಕೆಳಗಿಟ್ಟಳು. "ನಿನಗ ಗೊತ್ತಿರಲಿಲ್ಲೇನು? ಜಗದೇವಿ ಕಾಕಾ ಬಂದಿದ್ರಲ್ಲಬೇ. ಶಾಲಾ ಸಮಿತ್ಯಾಗ ಇದ್ರು ಅವರು. ಆ ಓಣಿ ಹುಡುಗಿ ನಮ್ಮ ಹುಡುಗಿ ಮೈ ಮುಟ್ಟೋದು ಬ್ಯಾಡ, ಆಡ್ಸೋದಾದ್ರ ಹಂಗ ಆಡಸ್ರಿ, ಇಲ್ಲಾಂದ್ರ ಆಟಾನ ಬಂದ್ ಮಾಡಸ್ತೀವಿ ಅಂದ್ರು. ನಾ ಸಾಮಾನಿನ ಖೋಲಿ ಒಳಗ ಇದ್ದೆ, ಎಲ್ಲಾ ಕೇಳಸ್ತು. ಸರ್ ಏನ್ ಅಂದ್ರು ಗೊತ್ತದೇನು? 'ಮುಟ್ಟಂಗಿಲ್ಲ ತಗೋರಿ, ಅದಕ್ಕಿಂತ ಮೊದಲ ನಾ ಸೀಟಿ ಊದ್ತೇನಿ.'"

"ಅವತ್ತ ಗಾಡಿಯಾಗ ನೀ ಯಾಕ ಹೇಳಲಿಲ್ಲ?"

"ಹದಿನೈದ ವರ್ಷದಾಕಿ ಇದ್ದೆ. ಅಂಜಿದೆ." ಅವಳು ಅಳುತ್ತಿದ್ದಳು. ನಾನು ಅಳಲಿಲ್ಲ. ಬಸ್ಸು ಬಂದರೂ ಹತ್ತದೆ ನಿಂತಿದ್ದೆ.

ಸರ್ ಅಂದರೆ ಇಷ್ಟೇ ನೋಡಿ. ನನ್ನನ್ನು ಟೀಮಿನಿಂದ ತೆಗೆದುಹಾಕುವುದು ಅವರಿಗೆ ಸುಲಭವಿತ್ತು, ತೆಗೆಯಲಿಲ್ಲ. ಗೌಡರಿಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಇಬ್ಬರಿಗೂ ಚಹಾ ಕುಡಿಸಿದ ಹಾಗೆ ನಡುವೆ ಒಂದು ಸೀಟಿ ಇಟ್ಟರು. ಅದರ ಕೆಡುಕು ಅವರಿಗೆ ಮೊದಲು ಹೊಳೆದಿರಲಿಕ್ಕಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅಫಜಲಪುರದಲ್ಲಿ ನನ್ನ ಕೈ ನಿಂತಾಗ, ಅದು ಯಾತಕ್ಕೆ ನಿಂತಿತೆಂದು ಇಡೀ ಗ್ರೌಂಡಿನಲ್ಲಿ, ಅಂಜಿದ್ದ ಶಕೀಲಾಳನ್ನು ಬಿಟ್ಟರೆ, ಸರ್ ಒಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೂ ಗಾಡಿಯಲ್ಲಿ ಹಾಗೆ ಹೇಳಿದರು. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಈಗ ಸನ್ಮಾನಕ್ಕೆ ಬರುತ್ತೇನೆ. ನಾನು ಈಗ ಜೇವರ್ಗಿ ತಾಲ್ಲೂಕಿನಲ್ಲಿ ಕೊಳಕೂರದ ಹತ್ತಿರ ಪಿ.ಟಿ. ಟೀಚರ್. ಹದಿನೆಂಟು ವರ್ಷದ ಮೇಲೆ ಆ ಶಾಲೆಗೆ ಕಾಲಿಟ್ಟೆ. ಯಾಕೆ ಹೋದೆ ಎಂದು ನನ್ನ ಗಂಡ ಈಗಲೂ ಕೇಳುತ್ತಾರೆ. ಒಂದೇ ಕಾರಣಕ್ಕೆ. ಮನುಷ್ಯ ನಿವೃತ್ತಿಯಾಗುವ ದಿನ ಮೆತ್ತಗಾಗಿರುತ್ತಾನೆ, ಎಲ್ಲರೆದುರು ಒಂದು ಮಾತು ಹೇಳಿಯಾನು, ಅವತ್ತಿನದು ಆ ಹುಡುಗಿಯ ತಪ್ಪಲ್ಲ ಎಂದು. ಆ ಒಂದು ಮಾತು ನನಗೆ ಬೇಕಿತ್ತು. ಎರಡು ಬಸ್ಸು ಬದಲಿಸಿ ಹೋದೆ.

ಸರ್ ತಲೆ ಪೂರ್ತಿ ಬೆಳ್ಳಗಾಗಿತ್ತು. ಬೂಟು ಮಾತ್ರ ಹಾಗೇ, ಚಾಕ್‌ಪೀಸಿನದು. ಮುಂದಿನ ಸಾಲಿನಲ್ಲಿ ಜಗದೇವಿಯ ಕಾಕಾ ಹಾರ ಹಾಕಿಸಿಕೊಂಡು ಕೂತಿದ್ದರು, ಕೈಯಲ್ಲಿ ಕೋಲು. ಸರ್ ಭಾಷಣಕ್ಕೆ ಎದ್ದರು. ತಾಲ್ಲೂಕು ಗೆದ್ದದ್ದು ಹೇಳಿದರು. ಜಿಲ್ಲೆಗೆ ಬಂದರು. ನಾನು ಕುರ್ಚಿಯ ಅಂಚಿಗೆ ಸರಿದೆ.

"ಗೆದ್ದ ಬಿಟ್ಟಿದ್ವಿ ನೋಡ್ರಿ" ಎಂದರು ಸರ್ ಮೈಕಿನಲ್ಲಿ, ನಗುತ್ತ. "ಒಬ್ಬಾಕಿ ಕೈ ನಡುಗ್ತು, ಏನ್ ಮಾಡೋದು. ಇಲ್ಲೇ ಕುಂತಾಳ ನೋಡ್ರಿ, ಈಗ ಟೀಚರ್ ಆಗ್ಯಾಳ." ಜನ ನಕ್ಕರು. ಪ್ರೀತಿಯಿಂದಲೇ ನಕ್ಕರು. ನನಗೆ ಕಿವಿ ಸುಟ್ಟಂತಾಯಿತು.

ಭಾಷಣ ಮುಗಿದ ಮೇಲೆ ಹಳೆಯ ಟೀಮು ಒಂದು ಕೈ ಆಡಿ ತೋರಿಸಬೇಕೆಂದು ಯಾರೋ ಹೇಳಿದರು. ಸೀರೆ ಸಿಕ್ಕಿಸಿಕೊಂಡು, ದುಪಟ್ಟಾ ಕಟ್ಟಿಕೊಂಡು ಗ್ರೌಂಡಿಗೆ ಇಳಿದೆವು. ಬೇಸುಗಳು ಅವೇ ಗೋಣಿಚೀಲ. ಸರ್ ಶಾಲು ಹೊದ್ದುಕೊಂಡೇ ಅಂಪೈರ್ ಆಗಿ ಎರಡನೆಯ ಬೇಸಿನ ಹತ್ತಿರ ನಿಂತರು. ಕೊರಳಲ್ಲಿ ಸೀಟಿ ಇತ್ತು. ನಾನು ನನ್ನ ಹಳೆಯ ಜಾಗಕ್ಕೆ ಹೋದೆ. ಜಗದೇವಿ ಒಂದನೆಯ ಬೇಸಿನಲ್ಲಿ. ಈಗ ಪಂಚಾಯ್ತಿ ಸದಸ್ಯೆ, ಮೂರು ಮಕ್ಕಳ ತಾಯಿ, ಮೈ ತುಂಬಿಕೊಂಡಿದ್ದಾಳೆ. "ಓಡ್ತೇನಿ ನೋಡಬೇ ಸುಜಾತಾ" ಎಂದು ಅಲ್ಲಿಂದಲೇ ಕೂಗಿದಳು.

ಓಡಿದಳು. ಶಕೀಲಾಳ ಎಸೆತ ಮೊದಲಿನಷ್ಟು ಜೋರಿರಲಿಲ್ಲ, ಆದರೆ ನೆಟ್ಟಗೆ ಬಂತು. ಹಿಡಿದೆ. ಗ್ಲೌಸು ನೆಲಕ್ಕಿಟ್ಟೆ. ಜಗದೇವಿ ಜಾರಲು ಹೋಗಿ ಕೂತೇಬಿಟ್ಟಳು, ಕಾಲು ನನ್ನ ಕಡೆಗೆ ಬಂತು. ಒಂದು ಗೇಣು ಇತ್ತು.

ಸೀಟಿ ಊದಿತು.

ಬೇಕೆಂದು ಊದಲಿಲ್ಲ ಅವರು. ಅವರ ಮುಖ ನೋಡಿದೆ, ಊದಿದ್ದು ಅವರಿಗೇ ಗೊತ್ತಿದ್ದಂತಿರಲಿಲ್ಲ. ನನ್ನ ಕೈಯಂತೆ ಅವರ ಬಾಯಿಗೂ ರೂಢಿಯಾಗಿತ್ತು. "ಔಟ್. ಸಾಕು" ಎಂದರು. ಜನ ಚಪ್ಪಾಳೆ ಹೊಡೆದರು.

ನನ್ನ ಕೈ ಒಂದು ಕ್ಷಣ ನಿಂತಿತು. ಆಮೇಲೆ ನಾನು ಗ್ಲೌಸನ್ನು ಮುಂದಕ್ಕೆ ಒತ್ತಿ ಜಗದೇವಿಯ ಕಣಕಾಲಿಗೆ ಹಚ್ಚಿದೆ. ಮೆಲ್ಲಗಲ್ಲ. ಹಚ್ಚಿ ಅಲ್ಲೇ ಹಿಡಿದೆ, ಮುಂದಿನ ಸಾಲಿಗೂ ಕಾಣಲಿ ಎಂದು.

ಸರ್ ಹತ್ತಿರ ಬಂದರು. "ಸೀಟಿ ಊದಿದ್ನಲ್ಲಬೇ. ಮತ್ಯಾಕ ಹಚ್ಚಿದಿ?"

"ಅಫಜಲಪುರದಾಗ ಊದಿರಲಿಲ್ಲಲ್ರಿ ಸರ್. ನಾ ಕಾದಿದ್ದೆ."

ಅವರ ಎಡಗೈ ಹೆಬ್ಬೆರಳು ನಿಂತಿತು. ಅಂಗೈಯಲ್ಲಿ ಅವತ್ತು ತಂಬಾಕು ಇರಲಿಲ್ಲ, ಬರಿಗೈಯನ್ನೇ ತಿಕ್ಕುತ್ತಿದ್ದರು. ನನ್ನನ್ನು ನೋಡಿದರು, ಮುಂದಿನ ಸಾಲಿನ ಕಡೆ ನೋಡಿದರು. "ಅದೆಲ್ಲಾ ಈಗ್ಯಾಕ ತಂಗಿ" ಎಂದರು. 'ಬೇ' ಬಿಟ್ಟು 'ತಂಗಿ' ಎಂದದ್ದು ಅದೇ ಮೊದಲು. ಅರ್ಥವಾಗಿತ್ತು ಅವರಿಗೆ. ಪೂರ್ತಿ ಅರ್ಥವಾಗಿತ್ತು.

ಕೆಳಗೆ ಕೂತ ಜಗದೇವಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿಲ್ಲ. ಕೈ ಚಾಚಿದಳು. "ಎಬ್ಬಸಬೇ. ಸೊಂಟ ಹಿಡದದ." ನಾನು ಗ್ಲೌಸು ತೆಗೆದು, ಬರಿಗೈಯಿಂದ ಅವಳ ಕೈ ಹಿಡಿದು ಎಬ್ಬಿಸಿದೆ. ಎದ್ದ ಮೇಲೂ ಅವಳು ಕೈ ಬಿಡಲಿಲ್ಲ, ನನ್ನ ಹೆಗಲ ಮೇಲೆ ಭಾರ ಹಾಕಿಕೊಂಡೇ ಕಾಕಾನ ಎದುರಿನಿಂದ ನೆರಳಿಗೆ ನಡೆದಳು.

ಸರ್‌ಗೆ ಮತ್ತೊಮ್ಮೆ ಮೈಕು ಕೊಟ್ಟರು, ಕೊನೆಯ ಎರಡು ಮಾತು ಹೇಳಿರೆಂದು. ನಾನು ನಿಂತೆ. ಶಕೀಲಾ ನನ್ನ ಪಕ್ಕಕ್ಕೆ ಬಂದು ನಿಂತಳು. ಸರ್ ಮೈಕನ್ನು ಬಾಯಿಯ ಹತ್ತಿರ ತಂದು ನಮ್ಮಿಬ್ಬರ ಕಡೆ ನೋಡಿದರು. ಆಮೇಲೆ, "ಎಲ್ಲಾರೂ ಊಟ ಮಾಡ್ಕೊಂಡು ಹೋಗ್ರಿ" ಎಂದು ಕೆಳಗಿಟ್ಟರು.

ಅವರು ಹೇಳಲಿಲ್ಲ. ಇನ್ನು ಹೇಳುವುದೂ ಇಲ್ಲ. ಆದ್ದರಿಂದ ಶಕೀಲಾ, ಸಂಚಿಕೆಯಲ್ಲಿ ಮೇಲಿನದನ್ನೆಲ್ಲ ಹಾಕಲು ಸಮಿತಿಯವರು ಒಪ್ಪದಿದ್ದರೆ ಬಿಟ್ಟುಬಿಡು. ಸರ್ ಫೋಟೋ ದೊಡ್ಡದಾಗಿ ಹಾಕು, ಸೀಟಿ ಸಮೇತ. ಅದರ ಕೆಳಗೆ ನನ್ನ ಹೆಸರು ಬರೆದು ಎರಡೇ ಸಾಲು ಹಾಕು. ನನ್ನ ಕೈ ನಡುಗಿರಲಿಲ್ಲ. ಸೀಟಿಗೆ ಕಾಯುತ್ತಿತ್ತು.